ಒಣಹಳ್ಳದ ಮುನ್ಸೂಚನೆ

ವಸುಂಧರಾ ಹನ್ನೊಂದು ವರ್ಷ ಮರುಭೂಮಿಯ ಹವಾಮಾನ ಹೇಳಿದವಳು. ಮರುಭೂಮಿಗೆ ಒಮ್ಮೆಯೂ ಕಾಲಿಟ್ಟವಳಲ್ಲ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಐರ್ಲೆಂಡಿಗೆ ಬಂದು, ಡಬ್ಲಿನ್ನಿನ ಒಂದು ಸಣ್ಣ ಖಾಸಗಿ ಹವಾಮಾನ ಸಂಸ್ಥೆಗೆ ಸೇರಿದ್ದಳು. ರಸ್ತೆ, ಸೇತುವೆ ಕಟ್ಟುವವರಿಗೆ ನಾಳೆ ಮಳೆಯೋ ಬಿಸಿಲೋ ಎಂದು ಹೇಳುವುದು ಆ ಸಂಸ್ಥೆಯ ಕೆಲಸ. ಅವಳ ಪಾಲಿಗೆ ಬಂದದ್ದು ಒಮಾನಿನ ಹಜರ್ ಪರ್ವತಸಾಲು. ಕೊರೋನಾ ಬಂದ ಮೇಲೆ ಆಫೀಸು, ಡಬ್ಲಿನ್ನಿನ ಪಕ್ಕದ ಬಂದರೂರು ಡನ್ ಲಿಯರಿಯ ಅವಳ ಬಾಡಿಗೆ ಫ್ಲ್ಯಾಟಿನ ಅಡುಗೆಮನೆ ಮೇಜಿಗೆ ಬಂದು ಕೂತಿತು.

ಆ ಬೆಟ್ಟಗಳ ಶರತ್ಕಾಲ ಮೋಸದ್ದು. ಬೆಳಿಗ್ಗೆ ಮೋಡದ ಚೂರೂ ಇರುವುದಿಲ್ಲ. ಮಧ್ಯಾಹ್ನ ಸಮುದ್ರದ ತೇವ ಶಿಖರಕ್ಕೆ ಏರಿ, ಒಂದೇ ತಾಸು ಸುರಿದು ಹೋಗುತ್ತದೆ. ನಲವತ್ತು ಕಿಲೋಮೀಟರ್ ಕೆಳಗೆ, ಬಿಸಿಲಲ್ಲಿ ಬಿರಿದು ಬಿದ್ದಿರುವ ಹಳ್ಳದಲ್ಲಿ ನೀರು ಗೋಡೆಯಂತೆ ಬರುತ್ತದೆ. ಅಂಥ ಒಂದು ಹಳ್ಳದಲ್ಲೇ ಸೇತುವೆಯ ಕಂಬ ಎಬ್ಬಿಸುತ್ತಿದ್ದ ತಂಡವೊಂದಿತ್ತು. ಅದರ ಮೇಲ್ವಿಚಾರಕ ಕುಮಟಾದ ಸುಬ್ರಾಯ.

ಮುನ್ಸೂಚನೆ ಇಂಗ್ಲಿಷಿನಲ್ಲಿ ಇಮೇಲ್ ಆಗಿಯೇ ಹೋಗುತ್ತಿತ್ತು. ಆದರೆ ಕೆಳಗಿನ ಹೆಸರು, ನಂಬರು ನೋಡಿ ಅವನು ಒಂದು ದಿನ ವಾಟ್ಸಾಪಿನಲ್ಲಿ ದನಿ ರೆಕಾರ್ಡ್ ಮಾಡಿ ಕಳಿಸಿದ: "ಮೇಡಂ, ನೀವು ನಮ್ಮ ಕಡೆಯವ್ರಾ? ಈ ಇಪ್ಪತ್ತು ಪರ್ಸೆಂಟ್ ಅಂದ್ರೆ ಎಂತ? ಬರ್ತದಾ, ಬರೂದಿಲ್ವಾ, ಅಷ್ಟು ಹೇಳಿ." ಅಂದಿನಿಂದ ದಿನಾ ಮಧ್ಯಾಹ್ನ ಎರಡಕ್ಕೆ, ಅಲ್ಲಿ ಅವನ ಪಾಳಿ ಮುಗಿಯುವ ಹೊತ್ತಿಗೆ, ಅವನು ಹೀಗೆ ದನಿ ಕಳಿಸಿ ಕೇಳುವುದು, ಇವಳು ದನಿಯಲ್ಲೇ ಹೇಳುವುದು. ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗಬಾರದೆಂಬ ಆ ಲಾಕ್‌ಡೌನ್ ದಿನಗಳಲ್ಲಿ ವಸುಂಧರಾಳೊಡನೆ ದಿನವೂ ಕನ್ನಡ ಆಡುತ್ತಿದ್ದವನು ಅವನೊಬ್ಬನೇ.

ಆ ವರ್ಷ ವಿಮಾನಗಳು ನಿಂತಿದ್ದವು. ಹಾರುವ ವಿಮಾನಗಳು ಮೇಲ್ಪದರದ ಗಾಳಿ, ಉಷ್ಣಾಂಶ ಅಳೆದು ಕಳಿಸುತ್ತವೆ. ಅವು ವಿರಳವಾದಾಗ ಮಳೆ ಲೆಕ್ಕಹಾಕುವ ಕಂಪ್ಯೂಟರ್ ಮಾಡೆಲ್ ಮಸುಕಾಗುತ್ತದೆ. ಬೆಟ್ಟದ ಮೇಲಿನ ಮಳೆಮಾಪಕ ಕೆಟ್ಟು, ರಿಪೇರಿಗೆ ಯಾರೂ ಹೋಗಲಾಗದೆ ಐದು ತಿಂಗಳಾಗಿತ್ತು. ಇದೆಲ್ಲ ವಸುಂಧರಾಳಿಗೆ ಗೊತ್ತಿತ್ತು. ಆದರೂ ಅಕ್ಟೋಬರಿನ ಒಂದು ಮಧ್ಯಾಹ್ನ, ದಣಿದ ದನಿಯಲ್ಲಿ ಸುಬ್ರಾಯ "ನಾಳೆ ಕಾಂಕ್ರೀಟ್ ಹಾಕೂದು ಮೇಡಂ, ಹಾಕ್ಲಾ?" ಎಂದಾಗ ಅವಳು ಹೇಳಿದ್ದು ಇಷ್ಟೇ: "ಹಾಕಿ ಸುಬ್ರಾಯರೇ. ನಿಮ್ಮ ಕಡೆ ಮಳೆ ಬರಲ್ಲ."

ಅವರ ಕಡೆ ಬರಲಿಲ್ಲ. ಶಿಖರದಲ್ಲಿ ಸುರಿಯಿತು. ನೀರು ಬಂಡೆಗಳನ್ನು ಉರುಳಿಸಿಕೊಂಡು ಬರುವ ಸದ್ದು ಕೇಳಿ ಕೂಲಿಯವರೆಲ್ಲ ದಡ ಹತ್ತಿದರು. ಸುಬ್ರಾಯ ಎಲ್ಲರನ್ನೂ ಮೇಲೆ ಕಳಿಸಿ ಕೊನೆಗೆ ಹತ್ತಲು ಹೊರಟವನು, ಹತ್ತಲಿಲ್ಲ. ಆರು ದಿನ ಹುಡುಕಿದರು. ದೇಹ ಸಿಗಲಿಲ್ಲ.

"ಮಾಡೆಲ್ ಹೇಳಿದ್ದನ್ನೇ ನೀನು ಹೇಳ್ದೆ ವಸು. ಯೂ ಆರ್ ಗ್ರ್ಯಾಂಡ್, ನಿಂದೇನೂ ತಪ್ಪಿಲ್ಲ. ತಲೆ ಕೆಡಿಸ್ಕೋಬೇಡ," ಎಂದ ಲಿಮೆರಿಕ್‌ನಲ್ಲಿದ್ದ ಸಹೋದ್ಯೋಗಿ ಶಶಾಂಕ್.

"ಮಾಡೆಲ್ ಅವತ್ತೂ ಇಪ್ಪತ್ತು ಪರ್ಸೆಂಟ್ ಅಂದಿತ್ತು. ಬರಲ್ಲ ಅಂದಿದ್ದು ನಾನು," ಎಂದಳು.

ಆಮೇಲೆ ಎರಡು ಗಂಟೆಯಾದರೆ ಅವಳ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಬಂದರಿನ ಕಟ್ಟೆಯ ಮೇಲೆ ನಡೆಯುವಾಗ ಅಲೆಯ ಸದ್ದಿನೊಳಗೆ ಬಂಡೆಗಳು ಉರುಳುವ ಸದ್ದು ಕೇಳಿದಂತಾಗಿ, ಅರ್ಧಕ್ಕೇ ತಿರುಗಿ ಮನೆಗೆ ಬರುತ್ತಿದ್ದಳು.

ಡಿಸೆಂಬರಿನ ಒಂದು ಮಧ್ಯಾಹ್ನ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಸುಬ್ರಾಯನ ಹೆಸರಿತ್ತು.

ಅವಳು ಎತ್ತಿದಳು. ಆ ಕಡೆ ಹೆಂಗಸಿನ ದನಿ. "ನಾನು ನೀಲಮ್ಮ. ಸುಬ್ರಾಯರ ಮನೆಯವ್ಳು. ಮೇಲಿನ ಶೆಡ್ಡಲ್ಲಿ ಚಾರ್ಜಿಗೆ ಇಟ್ಟಿದ್ರಂತೆ, ಫೋನು ಈಗ ಬಂತು. ದಿನಾ ನಿಮ್ಮ ಹತ್ರ ಮಾತಾಡಿದ್ದೇ ಇದೆ ಇದ್ರಲ್ಲಿ. ನೀವು ಯಾರು?"

ವಸುಂಧರಾ ತನ್ನ ಕೆಲಸ ಏನೆಂದು ತಡವರಿಸುತ್ತ ಹೇಳಿದಳು.

"ನೀರು ಬರೂ ಹಿಂದಿನ ದಿನ ಅವ್ರು ಕೇಳಿದ್ದಕ್ಕೆ ಎಂತ ಹೇಳಿದ್ರಿ?"

"ಬೆಟ್ಟದ ಮೇಲೆ ಮಳೆ ಬರಬಹುದು, ಹುಷಾರು ಅಂದಿದ್ದೆ ಅಮ್ಮಾ." ಬಾಯಿಂದ ಅದು ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ.

ನೀಲಮ್ಮ ಮೆಲ್ಲಗೆ ಅಂದಳು: "ಅವ್ರ ಸ್ವರ ಕೇಳೂಕೆ ಅಂತ ದಿನಾ ಹಾಕ್ಕಂಡು ಕೇಳ್ತೆ. ನಿಮ್ಮದೂ ಕೇಳಿದ್ದೆ." ಫೋನು ಕಟ್ಟಾಯಿತು.

ವಸುಂಧರಾ ಮೂರು ವಾರ ನೀಲಮ್ಮನಿಗೆ ಏನೂ ಕಳಿಸಲಾರದೆ ಹೋದಳು. ಮುನ್ಸೂಚನೆ ಬರೆಯುವಾಗ ತನ್ನದೇ ದನಿ, "ಬರಲ್ಲ" ಎಂದು, ಕುಮಟಾದ ಯಾವುದೋ ಮನೆಯಲ್ಲಿ ಮತ್ತೆ ಮತ್ತೆ ಮೊಳಗುವುದು ಕೇಳಿಸುತ್ತಿತ್ತು. ಕೊನೆಗೆ ಜನವರಿಯಲ್ಲಿ ಕೂತು ಎಲ್ಲವನ್ನೂ ದನಿಯಲ್ಲೇ ಹೇಳಿ ಕಳಿಸಿದಳು: ನಿಂತ ವಿಮಾನಗಳು, ಕೆಟ್ಟ ಮಾಪಕ, ತನಗಿದ್ದ ಅನುಮಾನ, ಅನುಮಾನವಿದ್ದೂ ಬರಲ್ಲ ಅಂದದ್ದು, ಆಮೇಲಿನ ಸುಳ್ಳು.

ಒಂಬತ್ತು ದಿನ ಕಳೆದು ನೀಲಮ್ಮ ಫೋನು ಮಾಡಿದಳು.

"ಬರೂದಿಲ್ಲ ಅಂದದ್ದಕ್ಕೆ ನಂಗೆ ಅಷ್ಟು ಸಿಟ್ಟಿಲ್ಲ. ಮಳೆ ಯಾರ ಮಾತು ಕೇಳ್ತದೆ? ಆದ್ರೆ ಅವ್ರು ನೀವು ಹೇಳಿದ್ದು ಕೇಳ್ದೇ ಸತ್ರು ಅಂತ ಮಾಡೂಕೆ ಹೊರಟ್ರಲ್ಲ. ಅದು ಸುಡ್ತದೆ."

"ಸುಡಬೇಕಾದ್ದೇ," ಎಂದಳು ವಸುಂಧರಾ.

"ಒಂದು ಕೇಳ್ಲಾ? ಆ ನೀರು ಎಲ್ಲಿಗೆ ಹೋಗ್ತದೆ?"

"ಅರ್ಧ ಮರಳಲ್ಲಿ ಇಂಗುತ್ತೆ. ಉಳಿದದ್ದು ಸಮುದ್ರಕ್ಕೆ."

"ಯಾವ ಸಮುದ್ರ?"

"ನಿಮ್ಮ ಕಡೆದೇ ಅಮ್ಮಾ. ಅರಬ್ಬಿ."

ನೀಲಮ್ಮ ಉಸಿರೆಳೆದುಕೊಂಡದ್ದು ಕೇಳಿಸಿತು. "ಹಂಗಾರೆ ನಾ ಅವ್ರ ದಾರಿ ನೋಡ್ತಾ ಬಾಗಿಲು ಕಾಯೂದು ಬಿಟ್ಟು ಸಮುದ್ರದ ಬದಿಗೆ ಹೋಗ್ತೆ," ಎಂದಳು. ಆ ನಂಬರಿನಿಂದ ಮತ್ತೆ ಕರೆ ಬರಲಿಲ್ಲ.

ಸುಬ್ರಾಯ ಹೋದ ಮರುವರ್ಷ ಅಕ್ಟೋಬರ್ ಕೊನೆಗೆ ಅದೇ ಬೆಟ್ಟಗಳ ಮೇಲೆ ಅಂಥದೇ ವಾಯುಭಾರ ಕುಸಿತ ಬಂತು. ಹೊಸ ಮೇಲ್ವಿಚಾರಕ ಶ್ರೀಕಂಠ, ದಾವಣಗೆರೆಯವನು. ವಸುಂಧರಾ ಅವನಿಗೆ ಪರ್ಸೆಂಟ್ ಬರೆಯಲಿಲ್ಲ. "ನನಗೆ ಗೊತ್ತಾಗ್ತಿಲ್ಲ. ಗೊತ್ತಾಗೋವರೆಗೂ ಯಾರೂ ಹಳ್ಳಕ್ಕೆ ಇಳೀಬೇಡಿ," ಎಂದಳು. ಮೂರು ದಿನ ಕೆಲಸ ನಿಂತಿತು. ಮೂರು ದಿನವೂ ಹಳ್ಳದಲ್ಲಿ ಧೂಳೆದ್ದಿತೇ ಹೊರತು ಒಂದು ಹನಿ ಬೀಳಲಿಲ್ಲ. ಶ್ರೀಕಂಠ ಗೊಣಗಿದ. ಇಂಥ ಮುನ್ಸೂಚನೆ ಯಾರಿಗೆ ಬೇಕೆಂದು ಗುತ್ತಿಗೆದಾರರು ಸಂಸ್ಥೆಗೆ ಬರೆದರು. ಶಶಾಂಕ್ ಕೇಳಿದ: "ಇನ್ನೂ ಎಷ್ಟು ದಿನ ಹೀಗೆ ಹೇಳ್ತೀಯಾ?"

"ಶಿಖರದ ಮೇಲಿನ ಮೋಡ ಇನ್ನೂ ಸರಿದಿಲ್ಲ," ಎಂದು ವಸುಂಧರಾ ನಾಲ್ಕನೆಯ ದಿನಕ್ಕೂ ಅದನ್ನೇ ಬರೆದಳು.