ಒಣಗಬಾರದ ಮಣ್ಣು

ದಿನಾ ಬೆಳಿಗ್ಗೆ ನಾನು ಒಂದು ಬಿಸ್ಕತ್ತಿನ ಡಬ್ಬಿಗೆ ಎರಡು ಚಮಚ ನೀರು ಹಾಕುತ್ತೇನೆ. ಅದರಲ್ಲಿ ಗಿಡವಿಲ್ಲ, ಬೀಜವಿಲ್ಲ, ಮುಂದೆ ಏನಾದರೂ ಮೊಳೆತೀತು ಎಂಬ ಆಸೆಯೂ ನನಗಿಲ್ಲ. ಇರುವುದು ಬರೀ ಒಂದು ಹಿಡಿ ಕಪ್ಪು ಮಣ್ಣು. ಬಹರೈನಿನ ಅದ್ಲಿಯಾದಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದವರು ಅಡುಗೆಮನೆಯ ಕಿಟಕಿಯಲ್ಲಿ ಅದನ್ನು ಕಂಡು "ತುಳಸಿ ಒಣಗಿತಾ?" ಎಂದು ಮರುಕದಿಂದ ಕೇಳುತ್ತಾರೆ. ಹೆಂಡತಿ ಹೌದೆನ್ನುತ್ತಾಳೆ, ಅವಳಿಗೆ ಅದೇ ಸುಲಭ. ಶಾಲೆಗೆ ಹೋಗುವ ಮಗಳು ಮಾತ್ರ ಗೆಳತಿಯರಿಗೆ ನನ್ನನ್ನು ತೋರಿಸಿ "ಡ್ಯಾಡಿ ವಾಟರ್ಸ್ ಮಡ್" ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಾಳೆ.

ಮಣ್ಣು ನನ್ನ ಕಸುಬು. ಸಾವಿರದ ಒಂಬೈನೂರ ಎಂಬತ್ತು ಹತ್ತಿರವಾಗುತ್ತಿದ್ದ ಆ ವರ್ಷಗಳಲ್ಲಿ ಬಹರೈನಿನ ತುಂಬ ಏನಾದರೊಂದು ಏಳುತ್ತಲೇ ಇತ್ತು. ಏಳುವ ಮೊದಲು ನೆಲ ಕೊರೆಯಬೇಕು, ಕೊರೆದ ಮಣ್ಣು ಸಿತ್ರಾದ ನಮ್ಮ ಲ್ಯಾಬಿಗೆ ಬರಬೇಕು. ಅದನ್ನು ಓವನ್ನಿನಲ್ಲಿ ಒಣಗಿಸಿ, ತೂಗಿ, ಜರಡಿ ಹಿಡಿದು, ಎಷ್ಟು ಭಾರ ಹೊತ್ತೀತು ಎಂದು ನಾನು ಬರೆದುಕೊಡುತ್ತಿದ್ದೆ. ಮಗನಿಗೆ ಅಲ್ಲಿ ಎಂತ ಕೆಲಸ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ಅಮ್ಮ "ಮಣ್ಣು ಹುರಿಯುವುದು" ಎನ್ನುತ್ತಿದ್ದಳು. ಹುರಿಯಲು ಸಿಗುತ್ತಿದ್ದದ್ದಾದರೂ ಏನು? ಕಡಲಿನಿಂದ ಎತ್ತಿ ಸುರಿದ ಬಿಳಿ ಹೊಯ್ಗೆ, ಚಿಪ್ಪಿನ ಚೂರು, ಉಪ್ಪು, ಸುಣ್ಣದಂಥ ಧೂಳು. ಒಣಗಿಸಿದರೆ ಒಣಗುವ, ನೆನೆಸಿದರೆ ನೆನೆಯುವ ಮಣ್ಣು. ಎಲ್ಲ ಮಣ್ಣೂ ಹೀಗೇ ಎಂದು ನಾನು ನಂಬಿದ್ದೆ, ಹೊಸಬರಿಗೆ ಪಾಠವನ್ನೂ ಮಾಡುತ್ತಿದ್ದೆ.

ನಮ್ಮಲ್ಲಿ ನೆಲ ಕೊರೆಯುವ ಯಂತ್ರ ನಡೆಸುತ್ತಿದ್ದವನು ಬೆನಿಟೊ, ಫಿಲಿಪ್ಪೀನ್ಸಿನವನು. ಒಂದು ದಿನ ಪೈಪು ಉರುಳಿ ಅವನ ಕಾಲು ಮುರಿಯಿತು. ಆಸ್ಪತ್ರೆಗೆ ನೋಡಲು ಹೋದಾಗ ಅವನು ಕೇಳಿದ್ದು ಒಂದೇ: ತನ್ನ ಟ್ರಂಕಿನಲ್ಲಿ ಬಿಸ್ಕತ್ತಿನ ಡಬ್ಬಿಯಿದೆ, ತಾನು ಏಳುವವರೆಗೆ ಅದನ್ನು ನಾನು ನೋಡಿಕೊಳ್ಳಬೇಕು. ಒಳಗಿನ ಮಣ್ಣಿನ ತೇವ ಆರಬಾರದು. ಒಮ್ಮೆ ಪೂರ್ತಿ ಒಣಗಿದರೆ ಆಮೇಲೆ ಎಷ್ಟು ನೀರು ಹಾಕಿದರೂ ಅದು ಮರಳುವುದಿಲ್ಲ ಎಂದ. ನಾನು ನಕ್ಕೆ. ಮಣ್ಣಿನ ವಿಷಯ ನನಗೇ ಹೇಳುತ್ತೀಯಾ ಎಂಬ ನಗು.

ಡಬ್ಬಿ ಕೈಗೆ ಬಂದಾಗ ಖಾಲಿ ಎಂದೇ ಅನಿಸಿತು, ಅಷ್ಟು ಹಗುರ. ಮುಚ್ಚಳ ತೆಗೆದರೆ ಕಂಠದವರೆಗೆ ಮಣ್ಣು. ಮಳೆಯ ಮುಖ ಕಾಣದ ಆ ತಿಂಗಳಲ್ಲಿ ಮಳೆ ಬಿಟ್ಟ ಕಾಡಿನ ವಾಸನೆ ನನ್ನ ಮುಖಕ್ಕೆ ಬಂತು. ಒಂದು ಚಿಟಿಕೆ ತೆಗೆದು ಬೆರಳಿನಲ್ಲಿ ಹಿಡಿದೆ, ಒಣಗಿದಂತೆಯೇ ಇತ್ತು. ತಿಕ್ಕಿದೆ. ಎಲ್ಲಿತ್ತೋ ಏನೋ, ಬೆರಳ ನಡುವೆ ನೀರು ಒಸರಿ ಮಣ್ಣು ಬೆಣ್ಣೆಯ ಹಾಗೆ ಜಾರಿತು. ತಿಕ್ಕುವುದನ್ನು ನಿಲ್ಲಿಸಿದರೆ ಮತ್ತೆ ಬಿಗಿಯಾಗಿ, ಏನೂ ಆಗಲೇ ಇಲ್ಲವೇನೋ ಎಂಬಂತೆ ಕೂತಿತು. ನನಗೆ ಅದು ಹಿಡಿಸಲಿಲ್ಲ. ಮಣ್ಣು ನನ್ನನ್ನು ಮುಟ್ಟಿ ನೋಡಿದಂತಾಯಿತು.

ಬೆನಿಟೊ ಹುಟ್ಟಿದ್ದು ಆರಿಹೋದ ಒಂದು ಬೆಂಕಿಬೆಟ್ಟದ ಮೈಮೇಲೆ. ತಳದಲ್ಲಿ ಲಾವಾ ಹೆಪ್ಪುಗಟ್ಟಿದ ಕರಿಗಲ್ಲು, ಪುಸ್ತಕದ ಮಾತಿನಲ್ಲಿ ಬಸಾಲ್ಟ್; ಅದರ ಮೇಲೆ ಬೆಟ್ಟ ಉಗುಳಿದ ಬೂದಿ; ಅದರ ಮೇಲೆ ಬಿಸಿಲು ನೆಲ ಮುಟ್ಟದಂಥ ಕಾಡು. ಕಲ್ಲು, ಬೂದಿ, ಕೊಳೆತ ಎಲೆ ಮೂರೂ ಲೆಕ್ಕವಿಲ್ಲದಷ್ಟು ಮಳೆಗಾಲ ಒಟ್ಟಿಗೆ ನೆನೆದು ಆದ ಮಣ್ಣು ಅದು. ಇಷ್ಟು ಕಪ್ಪು ಮಣ್ಣಿನಲ್ಲಿ ಏನು ತಾನೇ ಬೆಳೆಯದು ಎಂದು ಅವನ ಸೋದರಮಾವ ಕಾಡು ಕಡಿದು ಜೋಳ ಹಾಕಿದನಂತೆ. ಹಾಕಿದ ರಂಜಕದ ಗೊಬ್ಬರವನ್ನೆಲ್ಲ ಮಣ್ಣು ತಾನೇ ಬಿಗಿಯಾಗಿ ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಟ್ಟುಕೊಡಲಿಲ್ಲ. ಜೋಳ ಮೊಣಕಾಲೆತ್ತರಕ್ಕೆ ನಿಂತಿತು. ಏನು ಕೇಳಿದರೂ ಬಿಟ್ಟುಕೊಡದ ನಮ್ಮ ಲ್ಯಾಬಿನ ಸ್ಟೋರ್ ಕೀಪರ್ ನನಗೆ ನೆನಪಾದ.

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಮರ ಹೋದ ಆ ಇಳಿಜಾರು ಒಂದು ಮಧ್ಯಾಹ್ನ, ಭೂಮಿ ಚೂರು ಅಲುಗಿದ್ದೇ ನೆಪವಾಗಿ, ನೀರಾಗಿ ಹರಿಯಿತು. ಹತ್ತು ನಿಮಿಷದಲ್ಲಿ ಮತ್ತೆ ಗಟ್ಟಿಯಾಗಿ ನಿಂತಿತು. ಅದರೊಳಗೆ ಬೆನಿಟೊನ ಅಪ್ಪ ಇದ್ದ. ಎಷ್ಟು ಅಗೆದರೂ ಸಿಗಲಿಲ್ಲ. ಮಗ ದುಡಿಯಲು ಹೊರಟಾಗ ಅಮ್ಮ ಆ ಇಳಿಜಾರಿನ ಮಣ್ಣನ್ನೇ ಡಬ್ಬಿಗೆ ತುಂಬಿಕೊಟ್ಟಳು. ನಾನು ಮತ್ತೆ ನೋಡಲು ಹೋದಾಗ ಆಸ್ಪತ್ರೆಯ ಹಾಸಿಗೆಯಲ್ಲಿ ಬೆನಿಟೊ ಇದನ್ನೆಲ್ಲ ಹೇಳಿ, ನಮ್ಮವರಿಂದ ಕಲಿತ ಹಿಂದಿಯಲ್ಲಿ ಒಂದೇ ಮಾತು ಸೇರಿಸಿದ: "ಇಸ್ ಮೆ ಮೇರಾ ಬಾಪ್ ಹೈ." ಇದರೊಳಗೆ ನನ್ನ ಅಪ್ಪ ಇದ್ದಾನೆ.

ಇಷ್ಟು ಕೇಳಿದ ಮೇಲೂ ನಾನು ಮಾಡಿದ ಮೊದಲ ಕೆಲಸ, ಒಂದು ಚಮಚ ಮಣ್ಣನ್ನು ಲ್ಯಾಬಿಗೆ ಒಯ್ದು ಓವನ್ನಿಗಿಟ್ಟದ್ದು. ಹುರಿಯುವ ಚಟ. ಒಣಗಿದ ಮೇಲೆ ತೂಗಿದರೆ ಮಣ್ಣಿಗಿಂತ ಆರಿಹೋದ ನೀರೇ ಹೆಚ್ಚು. ತಕ್ಕಡಿ ಕೆಟ್ಟಿದೆ ಎಂದುಕೊಂಡು ಇನ್ನೊಂದರಲ್ಲಿ ತೂಗಿದೆ. ಅದೂ ಅದನ್ನೇ ಹೇಳಿತು. ಓವನ್ನಿನಿಂದ ಹೊರಬಂದದ್ದು ಕಾಫಿ ಹುಡಿಯಂಥ ಒರಟು ಕಾಳು. ನೀರು ಹಾಕಿದೆ, ಒಂದು ದಿನ ನೆನೆಯಲು ಬಿಟ್ಟೆ. ನೀರು ನೀರಾಗಿಯೇ, ಕಾಳು ಕಾಳಾಗಿಯೇ ಉಳಿದವು. ಬೆನಿಟೊ ಹೇಳಿದ್ದು ಸರಿ, ನಾನು ಹೊಸಬರಿಗೆ ಹೇಳುತ್ತಿದ್ದದ್ದು ತಪ್ಪು. ಒಂದು ಚಮಚದಷ್ಟು ಅವನ ಅಪ್ಪನನ್ನು ನಾನು ಸುಟ್ಟಿದ್ದೆ.

ಹೆದರಿ, ಡಬ್ಬಿಯನ್ನು ಸುರಕ್ಷಿತ ಜಾಗದಲ್ಲಿಡಬೇಕೆಂದು ನಿರ್ಧರಿಸಿದೆ. ಆಗ ನಾವು ಐವರು ಗಂಡಸರು ಒಂದು ಫ್ಲ್ಯಾಟಿನಲ್ಲಿದ್ದೆವು. ಸೋಪು, ಚಪ್ಪಲಿ, ಉಪ್ಪಿನಕಾಯಿ ಯಾವುದಕ್ಕೂ ಒಡೆತನವಿಲ್ಲದ ಆ ಮನೆಯಲ್ಲಿ ಯಾರೂ ಕೈಹಾಕದ ಸ್ಥಳ ಒಂದೇ, ದೇವರ ಫೋಟೋಗಳಿದ್ದ ಹಲಗೆ. ಅಲ್ಲಿಟ್ಟೆ. ಪಕ್ಕದಲ್ಲಿ, ನಮ್ಮ ಐವರಲ್ಲಿ ಒಬ್ಬನಾದ ಸಂಜೀವಣ್ಣನಿಗೆ ಅವನ ಹೆಂಡತಿ ಊರಿನಿಂದ ಕಳಿಸಿದ್ದ ನಾಗನ ಮೃತ್ತಿಕೆಯ ಕರಡಿಗೆ ಇತ್ತು. ಹುತ್ತದ ಮಣ್ಣನ್ನು ಪ್ರಸಾದವೆಂದು ಹಣೆಗಿಟ್ಟುಕೊಳ್ಳುವ ಊರಿನವರು ನಾವು. ಕಡಲು ದಾಟಿದ ಯಾವ ಬಂಟ್ವಾಳದವನ, ಕುಂದಾಪುರದವನ ಪೆಟ್ಟಿಗೆಯಲ್ಲೂ ಒಂದು ಪೊಟ್ಟಣ ಇದ್ದೇ ಇರುತ್ತದೆ. ಇದು ಗೊತ್ತಿದ್ದೂ ನನಗೆ ಆಗ ಹೊಳೆಯಲಿಲ್ಲ.

ಮಣ್ಣು ದಿನದಿನಕ್ಕೆ ಇಳಿಯತೊಡಗಿತು. ಮೊದಲು ಅರ್ಧ ಬೆರಳು, ಆಮೇಲೆ ಒಂದು ಬೆರಳು. ಒಣಗಿ ಕುಗ್ಗುತ್ತಿದೆ ಎಂದುಕೊಂಡು ನೀರು ಹೆಚ್ಚಿಸಿದೆ. ಮತ್ತೂ ಇಳಿಯಿತು. ಅಷ್ಟು ನೀರು ಹಾಕಿದರೂ ಮೇಲೆ ಒಂದು ಹನಿ ನಿಲ್ಲುತ್ತಿರಲಿಲ್ಲ; ಒಳಗಿನಿಂದ ಯಾರೋ ಕುಡಿಯುತ್ತಿದ್ದಾರೆ ಅನಿಸುತ್ತಿತ್ತು. ನಾಲ್ಕು ಜನ ಇರುವಾಗಲೇ ಹಲಗೆಯ ಹತ್ತಿರ ಹೋಗುವುದನ್ನು ರೂಢಿ ಮಾಡಿಕೊಂಡೆ. ವಿಜ್ಞಾನ ಓದಿದವನಿಗೆ ಇದು ಶೋಭೆಯಲ್ಲ, ಆದರೆ ಹಾಗೇ ಮಾಡಿದೆ.

ಒಂದು ಶುಕ್ರವಾರ ಬೆಳಿಗ್ಗೆ ಸಂಜೀವಣ್ಣ ಸ್ನಾನ ಮಾಡಿ ಬಂದ. ರಿಫೈನರಿಯಲ್ಲಿ ವೆಲ್ಡರ್, ನನಗಿಂತ ಹತ್ತು ವರ್ಷ ದೊಡ್ಡವನು, ನಮ್ಮೆಲ್ಲರ ಯಜಮಾನ. ಅವನ ಹಣೆಯ ನಡುವೆ ಒಂದು ಕಪ್ಪು ಬೊಟ್ಟು ಹೊಳೆಯುತ್ತಿತ್ತು. ಅಡುಗೆ ಮಾಡುತ್ತಿದ್ದವನ ಹಣೆಯಲ್ಲೂ, ಬಟ್ಟೆ ಒಗೆಯುತ್ತಿದ್ದವನ ಹಣೆಯಲ್ಲೂ ಅದೇ. ನಾನು ನೋಡುತ್ತಿದ್ದುದನ್ನು ನೋಡಿ ಸಂಜೀವಣ್ಣನೇ ಹೇಳಿದ:

"ನೀನು ತಂದ ಮೃತ್ತಿಕೆಗೆ ಕಾರ್ಣಿಕ ಉಂಟು ಮಾರಾಯ, ದೈವದ ಶಕ್ತಿ. ಒತ್ತಿದ್ರೆ ನೀರು ಬರ್ತದೆ. ಈ ಮರಳುಗಾಡಿನಲ್ಲಿ!"

ಸುದ್ದಿ ಆಗಲೇ ಹಬ್ಬಿತ್ತು. ಸಂಜೀವಣ್ಣ ಬೆರಳು ಮಡಚಿ ಲೆಕ್ಕ ಕೊಟ್ಟ: ನಮ್ಮ ರೂಮಿನವರು ನಾಲ್ವರು, ಕೆಳಗಿನ ಫ್ಲ್ಯಾಟಿನವರು ಮೂವರು, ಅಸ್ಕರ್ ಕಡೆ ಅಲ್ಯೂಮಿನಿಯಂ ಕರಗಿಸುವಲ್ಲಿ ಕೆಲಸಕ್ಕಿದ್ದವರು ಮೂವರು, ಅದ್ಲಿಯಾದ ಹೋಟೆಲಿನ ಅಡುಗೆಯವರು ಇಬ್ಬರು. ಒಟ್ಟು ಹನ್ನೆರಡು ಮಂದಿ ಹಣೆಗಿಟ್ಟುಕೊಂಡು, ಪೊಟ್ಟಣ ಕಟ್ಟಿಕೊಂಡು ಹೋಗಿದ್ದರು.

ಸತ್ತವನ ಮಣ್ಣನ್ನು ಪ್ರಸಾದವೆಂದು ಹನ್ನೆರಡು ಮಂದಿಯ ಹಣೆಗೆ ಹಚ್ಚಿಸಿದ ಪುಣ್ಯಾತ್ಮ ನಾನು. ಬೆನಿಟೊನಿಗೆ ಏನೆಂದು ಹೇಳಲಿ? ಇವರಿಗೆ ಏನೆಂದು ಹೇಳಲಿ? ಕೊನೆಗೆ ಸಂಜೀವಣ್ಣನೊಬ್ಬನನ್ನು ಬಾಲ್ಕನಿಗೆ ಕರೆದು ಎಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ:

"ಹೆಣ ಸಿಕ್ಕಿದೆಯಾ?"

"ಇಲ್ಲ ಸಂಜೀವಣ್ಣ."

"ಹಾಗಾದ್ರೆ ಸತ್ತದ್ದಲ್ಲ. ಮಾಯ ಆದದ್ದು. ಸೂತಕ ಇಲ್ಲ."

ನಮ್ಮ ತುಳು ಸೀಮೆಯಲ್ಲಿ ಮಾಯ ಎಂಬ ಮಾತಿಗೆ ತೂಕವಿದೆ. ಕಣ್ಣೆದುರಿಗೆ ಇದ್ದವರು ಹೆಣವೂ ಉಳಿಯದೆ ಹೋದರೆ ಅವರು ಮಾಯವಾದವರು. ಆಮೇಲೆ ದೈವವಾಗಿ ನಿಂತು ನಂಬಿದವರನ್ನು ಕಾಯುತ್ತಾರೆ. ಫಿಲಿಪ್ಪೀನ್ಸಿನ ಒಬ್ಬ ರೈತನನ್ನು ಸಂಜೀವಣ್ಣ ಬಾಲ್ಕನಿಯಲ್ಲಿ ನಿಂತು, ಲುಂಗಿ ಮೇಲೆ ಕಟ್ಟುವಷ್ಟರಲ್ಲಿ ದೈವವಾಗಿಸಿಬಿಟ್ಟ. ಅವನಿಗೆ ಸಮಾಧಾನವಾಯಿತು, ನನಗಾಗಲಿಲ್ಲ. ಹನ್ನೆರಡು ಪೊಟ್ಟಣಗಳನ್ನೂ ಕೇಳಿ ಪಡೆದು ನೆನೆಸಿ ನೋಡಿದೆ. ಎಲ್ಲವೂ ಕಾಫಿ ಹುಡಿಯಾಗಿದ್ದವು. ಒಂದೂ ಮರಳಲಿಲ್ಲ.

ಮರುದಿನ ನಾಲ್ಕು ಗಂಟೆಗೆ, ಭೇಟಿಯ ಹೊತ್ತಿಗೆ ಸರಿಯಾಗಿ, ಡಬ್ಬಿ ಹಿಡಿದು ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಕ್ಷಮೆಯ ವಾಕ್ಯಗಳನ್ನು ಕಟ್ಟುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಬೆನಿಟೊ ದಿಂಬಿನಡಿಯಿಂದ ಒಂದು ಪತ್ರ ತೆಗೆದ. ಅವನ ಅಮ್ಮ ಬರೆಸಿದ್ದು, ಬಹರೈನು ತಲುಪಲು ಎರಡು ವಾರ ಹಿಡಿದಿತ್ತು. ಕಾಲು ಮುರಿದ ವಿಷಯವನ್ನು ಅವನು ಮನೆಗೆ ತಿಳಿಸಿರಲಿಲ್ಲ. ಡಬ್ಬಿಯ ವಿಷಯ ತಿಳಿಸುವ ಮಾತೇ ಇಲ್ಲ. ಅವನು ಸಾಲುಸಾಲಾಗಿ ಓದಿ ಅರ್ಥ ಹೇಳಿದ. ಅಮ್ಮನಿಗೆ ಒಂದು ಕನಸು ಬಿದ್ದಿತ್ತು. ಗಂಡ ಮನೆಗೆ ಬಂದಿದ್ದ. ಮಣ್ಣು ನುಂಗಿದ ಮೇಲೆ ಒಮ್ಮೆಯೂ, ಕನಸಿನಲ್ಲೂ, ಬರದಿದ್ದವನು ಬಾಗಿಲಲ್ಲಿ ನಿಂತಿದ್ದ. ಒಬ್ಬನೇ ಬಂದಿರಲಿಲ್ಲ. ಹಿಂದೆ ಗುರುತಿಲ್ಲದ ಗಂಡಸರು, ಎಲ್ಲರ ಹಣೆಯಲ್ಲೂ ಬೆಟ್ಟದ ಮಣ್ಣು. ಇವರಿಗೆ ಬಾಯಾರಿದೆ, ನೀರು ಕೊಡು ಎಂದನಂತೆ. ಅವಳು ಒಬ್ಬೊಬ್ಬರಿಗೂ ಲೋಟದಲ್ಲಿ ಕೊಟ್ಟು ಎಣಿಸಿದ್ದಳು. ಹದಿಮೂರು ಮಂದಿ.

ಬೆನಿಟೊ ಪತ್ರ ಮಡಚಿ, ಯಾರಿರಬಹುದು ಅವರು ಎಂದು ನನ್ನನ್ನು ಕೇಳಿದ.

ಎಲ್ಲ ಹೇಳಿದೆ, ಓವನ್ನಿನ ಚಮಚವನ್ನೂ ಬಿಡದೆ. ಅವನು ಡಬ್ಬಿಯ ತಳದ ಮಣ್ಣಿನಿಂದ ಒಂದು ಚಿಟಿಕೆ ತೆಗೆದು ತಿಕ್ಕಿದ, ಬೆರಳು ಒದ್ದೆಯಾಯಿತು. ಬೈಯಲಿಲ್ಲ. ಅಪ್ಪನಿಗೆ ಮೊದಲಿನಿಂದಲೂ ಮನೆಗೆ ಜನ ಕರೆದು ತರುವ ಅಭ್ಯಾಸ, ಅಮ್ಮ ಅದಕ್ಕೇ ಜಗಳ ಆಡುತ್ತಿದ್ದಳು ಎಂದು ಹೇಳಿ ಅತ್ತ. ಊರಿಗೆ ಹೊರಟಾಗ ಉಳಿದದ್ದರಲ್ಲಿ ಅರ್ಧ ಒಯ್ದು ಅರ್ಧ ನನಗೆ ಬಿಟ್ಟ.

ಪತ್ರದ ಸುದ್ದಿ ಕೇಳಿ ಸಂಜೀವಣ್ಣ ಕೈಮುಗಿದ. ಆದರೆ ಅವನಿಗೆ ಲೆಕ್ಕದ ಕಿರಿಕಿರಿ ಹೋಗಲಿಲ್ಲ. ಎಷ್ಟು ಸಲ ಬೆರಳು ಮಡಚಿದರೂ ಹನ್ನೆರಡೇ. ಮುದುಕಿ ಎಣಿಸುವಾಗ ತಪ್ಪಿರಬೇಕು ಎಂದು ಕೊನೆಗೆ ಬಿಟ್ಟುಬಿಟ್ಟ. ನಾನೂ ಹೌದೆಂದೆ.

ಅವಳು ತಪ್ಪಿರಲಿಲ್ಲ. ಡಬ್ಬಿಯನ್ನು ಹಲಗೆಯಲ್ಲಿಟ್ಟ ಮೊದಲನೇ ವಾರದಲ್ಲೇ ಊರಿನಿಂದ ನನಗೆ ಒಂದು ತಂತಿ ಬಂದಿತ್ತು: ನಿನ್ನ ಹೆಂಡತಿಯನ್ನು ಹೆರಿಗೆಗೆ ಸೇರಿಸಿದ್ದೇವೆ, ಕಷ್ಟವಾಗಿದೆ. ಆಮೇಲೆ ಎರಡು ದಿನ ಸುದ್ದಿಯಿಲ್ಲ. ಎರಡನೇ ದಿನ ಮಧ್ಯಾಹ್ನ, ಎಲ್ಲರೂ ಕೆಲಸಕ್ಕೆ ಹೋಗಿದ್ದಾಗ, ನಾನು ಆ ಹಲಗೆಯ ಮುಂದೆ ನಿಂತೆ. ನಾಗನ ಕರಡಿಗೆ ಪಕ್ಕದಲ್ಲೇ ಇತ್ತು. ಕೈ ಬಿಸ್ಕತ್ತಿನ ಡಬ್ಬಿಗೆ ಹೋಯಿತು. ಅದು ಯಾರ ಮಣ್ಣೆಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ, ಗೊತ್ತಿದ್ದೇ ಹಣೆಗಿಟ್ಟುಕೊಂಡೆ. ಯಾರೂ ನೋಡುವ ಮೊದಲು ತೊಳೆದುಕೊಂಡೆ.

ನಾನು ಈಗಲೂ ಇಂಥದ್ದನ್ನೆಲ್ಲ ನಂಬುವವನಲ್ಲ. ಎಣಿಕೆ ಕೂಡಿಬಂದದ್ದು ಆಕಸ್ಮಿಕ ಎಂದು ಯಾರೊಡನೆಯಾದರೂ ವಾದಿಸಬಲ್ಲೆ. ವಾದ ಮುಗಿಸಿ ಎದ್ದು ಡಬ್ಬಿಗೆ ಎರಡು ಚಮಚ ನೀರು ಹಾಕುತ್ತೇನೆ. ಸೆಖೆ ಜೋರಾಗಿದ್ದರೆ ಮೂರು. ಡ್ಯಾಡಿ ವಾಟರ್ಸ್ ಮಡ್ ಎಂದು ನಗುವ ಹುಡುಗಿ, ಆ ಎರಡನೇ ದಿನದ ಸಂಜೆ ಹುಟ್ಟಿದವಳು.