ಎದುರು ಮನೆಯ ಬಿಸಿಲು

ಚನ್ನಪಟ್ಟಣದ ಹಳೇ ಪೇಟೆಯಲ್ಲಿ ನಮ್ಮದು ಹೆಂಚಿನ ಮನೆ. ಎದುರಿನದೂ ಹೆಂಚಿನದೇ ಆಗಿತ್ತು. ಅದನ್ನು ಕೆಡವಿ ಮೂರಂತಸ್ತು ಎಬ್ಬಿಸಿದರು. ಕೆಳಗೆ ಮೊಬೈಲ್ ಅಂಗಡಿ, ಮೇಲೆ ವಾಸ. ಅವರ ಕಾಲಿಂಗ್ ಬೆಲ್ ಒತ್ತಿದರೆ ಮಂತ್ರ ಹೇಳುತ್ತದೆ. ನಾನು ಮದುವೆಯಾಗಿ ಬಂದಾಗಿನಿಂದ ದಿನಾ ಹೇಳುತ್ತಿರುವ ಮಂತ್ರ ಅದು. ನಾನು ಹೇಳುವಾಗ ಒಬ್ಬರೂ ನಿಂತು ಕೇಳಿರಲಿಲ್ಲ. ಅವರ ಬೆಲ್ ಮಾತ್ರ ಜನ ಬೇಕೆಂದೇ ಎರಡೆರಡು ಸಲ ಒತ್ತುತ್ತಿದ್ದರು.

ಅದನ್ನಾದರೂ ಸಹಿಸಬಹುದಿತ್ತು. ಆ ಗೋಡೆ ಎದ್ದ ಮೇಲೆ ನಮ್ಮ ಮನೆ ಮುಂದಿನ ತುಳಸಿಕಟ್ಟೆಗೆ ಬೀಳುತ್ತಿದ್ದ ಬೆಳಗಿನ ಬಿಸಿಲೇ ಹೋಯಿತು. ಅತ್ತೆ ನನ್ನ ಕೈಗೊಪ್ಪಿಸಿದ ಗಿಡ, ಎಲೆ ಹಳದಿಯಾಗಿ ಉದುರತೊಡಗಿತು. ಎದುರು ಮನೆಯವಳ ತಾರಸಿಯ ಕುಂಡದಲ್ಲಿ ತುಳಸಿ ಪೊದೆಯಾಗಿತ್ತು. ನಮ್ಮ ಬಿಸಿಲು ತಿಂದು ಬೆಳೆದದ್ದು ಅಂತ ಒಳಗೊಳಗೇ ಬೇಯುತ್ತಿದ್ದೆ. ಪ್ರದಕ್ಷಿಣೆ ಹಾಕುವಾಗಲೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಬಾಗಿಲು ತೆಗೆದರೆ ತುಳಸಿಯ ಮೇಲೆ ಬಿಸಿಲು! ಸೂರ್ಯ ನಮ್ಮ ಮನೆಯ ಹಿಂದಕ್ಕೆ ಸರಿದಿದ್ದಾನೆ, ಬಿಸಿಲು ಮುಂದೆ ಬಿದ್ದಿದೆ. ದೇವರು ಕಣ್ಣು ಬಿಟ್ಟ ಅಂದುಕೊಂಡು ತುಪ್ಪದ ದೀಪ ಹಚ್ಚಿದೆ, ಕಾಯಿ ಒಡೆದೆ. ಮಾರನೇ ದಿನವೂ ಬಂತು. ಗಿಡ ಚಿಗುರಿತು. ಗುಡಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಅವಳಿಗೆ ಹೇಳದಿದ್ದರೆ ಸಮಾಧಾನವೆಲ್ಲಿ? ಅವಳು ಮೇಲೆ ಕಿಟಕಿಯ ಹತ್ತಿರ ಕಂಡಾಗ ಕೂಗಿದೆ:

"ನೋಡವ್ವಾ, ನಮ್ ತುಳಸಿಗೆ ದೇವ್ರೇ ಬಿಸ್ಲು ಕಳಿಸವ್ನೆ!"

ಅವಳು ನೋಡಲೆಂದು ಕಿಟಕಿ ತಳ್ಳಿದಳು. ಬಿಸಿಲು ತುಳಸಿಯಿಂದ ಹಾರಿ ನಮ್ಮ ಗೋಡೆಗೆ ಹೋಯಿತು. ಎಳೆದುಕೊಂಡಳು, ವಾಪಸು ಬಂತು.

"ಅಕ್ಕೋ, ದೇವ್ರಲ್ಲ! ನಾವು ಕಿಟ್ಕಿಗೆ ಹೊಸ ಗಾಜು ಹಾಕ್ಸಿದ್ವಲ್ಲ, ಅದ್ರದು ಕಣಕ್ಕ! ಕಾಯಿ ನನ್ಗೇ ಒಡೀಬೇಕಿತ್ತು ನೀವು!"

ಅಂಗಡಿಯವರೆಲ್ಲ ನಕ್ಕರು. ಜಗಲಿಯ ಮೇಲಿದ್ದ ನಮ್ಮ ಯಜಮಾನರೂ, "ಇನ್ಮೇಲೆ ಮಂಗಳಾರತಿನೂ ಅತ್ಲಾಗೇ ಎತ್ತು" ಎಂದರು.

ಸೆಕೆ ಶುರುವಾಯಿತು. ಅವಳು ಮಧ್ಯಾಹ್ನವೆಲ್ಲ ಕಿಟಕಿ ತೆರೆದೇ ಇಟ್ಟಳು. ಚಿಗುರು ಮತ್ತೆ ಬಾಡಿತು. ಕೇಳುವುದೋ ಬೇಡವೋ ಎಂದು ದಿನಗಟ್ಟಲೆ ತಿಣುಕಿದೆ. ಅವಳ ಮುಂದೆ ಬೇಡುವುದಕ್ಕಿಂತ ಗಿಡ ಹೋದರೆ ಹೋಗಲಿ ಎಂದೂ ಒಮ್ಮೆ ಅನ್ನಿಸಿತು. ಅತ್ತೆಯ ಮುಖ ನೆನಪಾಗಿ ಮೆಟ್ಟಿಲು ಹತ್ತಿದೆ.

ಬೆಲ್ ಒತ್ತಿದೆ. ಮಂತ್ರ ಹೇಳಿತು. ಕೇಳಿದ ಮೇಲೆ ಕೈಮುಗಿಯದೆ ಇರಲಾದೀತೇ? ಬಾಗಿಲು ತೆಗೆದವಳಿಗೆ ನಾನು ಕೈಮುಗಿದು ನಿಂತದ್ದೇ ಕಂಡಿತು.

"ಅಯ್ಯಯ್ಯೋ, ಏನಕ್ಕ ಇದು!"

"ನಿಂಗಲ್ಲ ಕಣವ್ವ, ಮಂತ್ರಕ್ಕೆ. ಮಧ್ಯಾಹ್ನ ಒಸಿ ಹೊತ್ತು ಕಿಟ್ಕಿ ಮುಚ್ಚಿರವ್ವ. ಗಿಡ ಬಾಡೋಯ್ತೈತೆ."

"ಇಷ್ಟಕ್ಕೆ ಮೆಟ್ಲು ಹತ್ತಿ ಬಂದ್ರಾ? ಕೆಳಗಿಂದ್ಲೇ ಒಂದು ಕೂಗಾಕ್ಬಾರ್ದಾ?"

ಒಳ್ಳೆಯ ಮಾತೇ. ಅದೂ ನನಗೆ ಚುಚ್ಚಿತು. ಅವಳ ಮನೆಯ ಹಾಗೆ ಅವಳ ಮನಸ್ಸೂ ದೊಡ್ಡದಾಗಿರಬೇಕೇ?

ಈಗ ಊಟವಾದ ಮೇಲೆ ಅವಳು ಕಿಟಕಿ ಮುಚ್ಚುತ್ತಾಳೆ. ತುಳಸಿ ಕದಿರು ಬಿಟ್ಟಿದೆ. ಇಷ್ಟಾದರೂ ಕೊಟ್ಟೆಯಲ್ಲಪ್ಪ ಎಂದು ದೇವರಿಗೆ ಕೈಮುಗಿಯುತ್ತೇನೆ. ನಿನ್ನೆ ಅವಳೇ ಇಳಿದು ಬಂದು ಗಿಡ ಸವರಿ, "ನಮ್ದಕ್ಕಿಂತ ನಿಮ್ದೇ ಚೆಂದಾಗೈತೆ ಕಣಕ್ಕ" ಎಂದಳು.

ಅವಳು ರಸ್ತೆ ದಾಟುವವರೆಗೆ ಕಾದು, ಒಳಗಿಂದ ಉಪ್ಪು ಮೆಣಸಿನಕಾಯಿ ತಂದು ತುಳಸಿಗೆ ದೃಷ್ಟಿ ತೆಗೆದೆ.