ಕಾಕಾನ ಗಾಡಿ, ಕಾಕಿಯ ಹೆದರಿಕೆ

ಗ್ರೀಸಿನ ವಾಸನೆ ಬಂದರೆ ನಾನು ಈಗಲೂ ನಿಂತಲ್ಲೇ ಬಾಲ್ಯಕ್ಕೆ ಹೋಗಿಬಿಡುತ್ತೇನೆ. ನಿಮಗೆ ನಗು ಬರಬಹುದು. ಬಾಲ್ಯವೆಂದರೆ ಬೇರೆಯವರಿಗೆ ಮಲ್ಲಿಗೆ ನೆನಪಾಗುತ್ತದೆ, ಕಾಯಿಸಿದ ತುಪ್ಪ ನೆನಪಾಗುತ್ತದೆ. ನನ್ನ ಹಣೆಬರಹಕ್ಕೆ ಗ್ರೀಸು! ಅದೂ ಬರೀ ಗ್ರೀಸಲ್ಲ, ಜೊತೆಗೆ ಬಾಡಿದ ಚೆಂಡುಹೂವಿನ ವಾಸನೆಯೂ ಸೇರಿರಬೇಕು. ಮೊನ್ನೆ ದಸರೆಯ ಮರುದಿನ ಗದಗಿನಲ್ಲಿ ಒಂದು ಗ್ಯಾರೇಜಿನ ಮುಂದೆ ಹಾಯುವಾಗ ಎರಡೂ ಒಟ್ಟಿಗೇ ಮೂಗಿಗೆ ಬಡಿದವು. ಬೆಟಗೇರಿಯ ನಮ್ಮ ಮನೆ, ಅಂಗಳದಲ್ಲಿ ಜಾಕಿನ ಮೇಲೆ ಮೂತಿ ಎತ್ತಿಕೊಂಡು ನಿಂತ ಕಾಕಾನ ಪಿಕಪ್ ಗಾಡಿ, ಅದರ ಕೆಳಗಿನಿಂದ ಚಾಚಿಕೊಂಡ ಅವನ ಕಾಲು, ಎಲ್ಲ ಕಣ್ಣಿಗೆ ಕಟ್ಟಿದವು. ಆ ಅಂಗಳ ಈಗಿಲ್ಲ. ಅಲ್ಲಿ ಸಾಲಾಗಿ ಶಟರ್ ಅಂಗಡಿಗಳಿವೆ.

ಅದು ಎಪ್ಪತ್ತರ ದಶಕ, ನಾನಾಗ ಸಣ್ಣ ಹುಡುಗಿ. ಮನೆಯೊಳಗೆ ಅಪ್ಪನ ಮಗ್ಗ, ಹೊರಗೆ ಅವನ ತಮ್ಮನಾದ ಈರಣ್ಣ ಕಾಕಾನ ಗಾಡಿ. ಕಾಕಾ ಕೊಳ್ಳುವಾಗಲೇ ಅದು ಹಳೆಯದಾಗಿತ್ತು. ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಗಾಲಿಗಳಿಗೆ ಖಬರು ಮುಟ್ಟುವುದು ತುಸು ತಡ. "ನಮ್ಮ ಮುದುಕಿಗಿ ಕಿವಿ ಮಂದ ಐತಿ, ಎರಡೆರಡ ಸಲ ಹೇಳಬೇಕು" ಎಂದು ಕಾಕಾ ನಗುತ್ತಿದ್ದ. ಅವನ ಹೆಂಡತಿ ಶಾಂತಾ ಕಾಕಿಗೆ ನಗು ಬರುತ್ತಿರಲಿಲ್ಲ. ಮಕ್ಕಳಿಲ್ಲದ ಕಾಕಿಗೆ ಕಾಕಾನೇ ಎಲ್ಲ. ಗಾಡಿ ಮುಂಡರಗಿಗೋ ಶಿರಹಟ್ಟಿಗೋ ಹೊರಟಿತೆಂದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಸಂಜೆ ಓಣಿಯ ತಿರುವಿನಲ್ಲಿ ಗಾಡಿಯ ಭಾರ ಹೊರುವ ಕಮಾನು ಪಾಟಾಗಳ ಕಿರ್ರೆನ್ನುವ ಸದ್ದು ಕೇಳಿದ ಮೇಲೆಯೇ ಅವಳು ಉಣ್ಣಲು ಕೂರುತ್ತಿದ್ದುದು.

ಅಮಾವಾಸ್ಯೆಯ ದಿನ ಮಾತ್ರ ಗಾಡಿ ಎಲ್ಲಿಗೂ ಹೋಗುತ್ತಿರಲಿಲ್ಲ. ಅವತ್ತು ಅದರ ಮೈಪೂಜೆ. ಕಾಕಾ ಗಾಲಿಗಳನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದ, ಪಾಟಾಗಳ ಸಂದಿಯ ಮಣ್ಣು ಕೆರೆಯುತ್ತಿದ್ದ, ಕೀಲುಕೀಲಿಗೂ ಗ್ರೀಸು ತುಂಬುತ್ತಿದ್ದ. ನಮ್ಮ ಮನೆಯದೊಂದು ಪದ್ಧತಿಯಿತ್ತು: ಬಿಚ್ಚಿದ ಸಾಮಾನುಗಳಿಗೆ ಪೂಜೆಯಾಗದೆ ಅವು ಮತ್ತೆ ಗಾಡಿಗೆ ಏರುವಂತಿರಲಿಲ್ಲ. ಮಗ್ಗದ ಲಾಳಿಗೆ ಅಪ್ಪ ಹಾಗೆ ಮಾಡುತ್ತಿದ್ದ, ಅದನ್ನು ನೋಡಿ ಕಾಕಾ ಗಾಡಿಗೂ ತಂದಿದ್ದ. ನಟ್ಟು, ಪಿನ್ನು, ಅವನ್ನು ತಿರುಗಿಸುವ ಪಾನೆ ಎಲ್ಲ ಒರೆಸಿ ಹಿತ್ತಾಳೆ ಪರಾತದಲ್ಲಿಡುವುದು, ಕಾಕಿ ವಿಭೂತಿ ಹಚ್ಚಿ ಚೆಂಡುಹೂವೇರಿಸಿ ಕಾಯಿ ಒಡೆಯುವುದು, ಹೋಳಿಗೆಯ ಊಟವಾದ ಮೇಲೆ ಜೋಡಣೆ.

ಒಂದು ಅಮಾವಾಸ್ಯೆಗೆ ಜೋಡಣೆಯ ನಡುವೆಯೇ ಮುಂಡರಗಿಯಾಚೆಯ ಹಮ್ಮಿಗಿಯಿಂದ ಒಬ್ಬರು ಬಂದರು. ಮರುದಿನ ಬೆಟಗೇರಿಯಲ್ಲಿ ಮದುವೆ. ಹೆಣ್ಣಿನ ಕಡೆಯ ಹೆಂಗಸರು ಮಕ್ಕಳನ್ನೆಲ್ಲ ಕರೆತರಲು ಗಾಡಿ ಬೇಕಿತ್ತು. ಕಾಕಾ ಕೈ ಒರೆಸಿಕೊಂಡು ಅವರೊಡನೆ ಚಹಾ ಕುಡಿದು, ಮಾತಾಡಿ, ತಿರುಗಿ ಬಂದು ಜಾಕು ಇಳಿಸಿದ. ನಸುಕಿನಲ್ಲಿ ಹೊರಟೂ ಹೋದ.

ಬೆಳಿಗ್ಗೆ ಕಾಕಿ ಪರಾತದ ಹೂವನ್ನು ಬಾವಿಗೆ ಹಾಕೆಂದು ನನ್ನ ಕೈಗೆ ಕೊಟ್ಟಳು. ಪೂಜೆಯ ಹೂವು ಯಾರ ಕಾಲಿಗೂ ಸಿಗಬಾರದಲ್ಲ! ಬಾವಿಯ ಕಟ್ಟೆಯ ಮೇಲೆ ಹೂ ಕೊಡವುವಾಗ ಬೆರಳಿಗೇನೋ ಚುಚ್ಚಿತು. ನೋಡಿದರೆ ಹೂವಿನ ಬುಡದಲ್ಲಿ, ಗ್ರೀಸು ಮೆತ್ತಿದ, ಕೂದಲಿನ ಪಿನ್ನಿನಂಥ ಕಬ್ಬಿಣದ ಪಿನ್ನು. ಸ್ಟೇರಿಂಗಿನಿಂದ ಗಾಲಿಗೆ ಹೋಗುವ ರಾಡಿನ ತುದಿಯದು. ಹಿಂದೊಮ್ಮೆ ಕಾಕಾನೇ ತೋರಿಸಿ ಹೇಳಿದ್ದ: "ಇದ ಇಲ್ಲಂದ್ರ ನಟ್ಟ ತಾನ ಬಿಚ್ಚಕೊಂಡ ಬೀಳತೈತಿ. ನಟ್ಟ ಬಿತ್ತಂದ್ರ ಗಾಲಿ ನನ್ನ ಮಾತ ಕೇಳಂಗಿಲ್ಲವಾ, ತನಗ ತಿಳದ ಕಡೆ ಹೋಗತೈತಿ."

ಪಿನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಓಡಿ ಬಂದು ಕಾಕಿಗೆ ತೋರಿಸಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಮುಖ ಸುಣ್ಣದಂತಾಯಿತು. "ನಾನ ಹೂವು ಮುಚ್ಚಿದ್ನಲ್ಲೇ, ನಾನ ಮುಚ್ಚಿದ್ನಲ್ಲೇ" ಎನ್ನುತ್ತ ಎದ್ದಳು. ಅಪ್ಪ ಸೀರೆ ಮಾರಲು ಲಕ್ಷ್ಮೇಶ್ವರದ ಸಂತೆಗೆ ಹೋಗಿದ್ದ. ಫೋನೆಂಬುದು ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಒಬ್ಬಳೇ ಎಂದೂ ಸಂತೆಗೂ ಹೋಗದ ಕಾಕಿ, ಹಿಟ್ಟಿನ ಕೈಯಲ್ಲೇ ನನ್ನ ರಟ್ಟೆ ಹಿಡಿದು, ಬರಿಗಾಲಲ್ಲಿ ಗದಗಿನ ಬಸ್‌ಸ್ಟ್ಯಾಂಡಿನ ತನಕ ಓಡಿದಳು.

ಮುಂಡರಗಿಯ ಬಸ್ಸಿನಲ್ಲಿ ಡ್ರೈವರನ ಹಿಂದೆಯೇ ಕೂತೆವು. ಕೂತೆವೆಂದರೆ ನಾನು ಕೂತೆ. ಕಾಕಿ ಪ್ರತಿ ತಗ್ಗಿಗೂ ಎದ್ದು ಬಗ್ಗಿ ನೋಡುತ್ತಿದ್ದಳು. ಡಂಬಳದ ಹತ್ತಿರ ರಸ್ತೆಯ ಪಕ್ಕ ಜನ ಗುಂಪುಗೂಡಿದ್ದರು. ಕಾಕಿಯ ಉಗುರು ನನ್ನ ಮಣಿಕಟ್ಟಿಗೆ ನಾಟಿದವು. ನಾನು ಕಣ್ಣು ಮುಚ್ಚಿಬಿಟ್ಟೆ. ದೇವರೇ, ಕಾಕಾ ಸಾಯದಿರಲಿ, ಇನ್ನೆಂದೂ ನಿನ್ನನ್ನು ಏನೂ ಕೇಳುವುದಿಲ್ಲ ಎಂದುಕೊಂಡೆ. ಹೊರಳಿ ಬಿದ್ದದ್ದು ಯಾರದೋ ಶೇಂಗಾ ಹೇರಿದ ಚಕ್ಕಡಿ. "ನಮ್ಮದಲ್ಲ, ನಮ್ಮದಲ್ಲ" ಎಂದು ಕಾಕಿ ಮುಂಡರಗಿ ಬರುವ ತನಕ ಹೇಳುತ್ತಲೇ ಇದ್ದಳು.

ಬಸ್ಸಿಳಿದು ಹಮ್ಮಿಗಿ ರಸ್ತೆ ಹಿಡಿದು ಊರಾಚೆ ಬಂದೆವೋ ಇಲ್ಲವೋ, ಎದುರಿಗೇ ಧೂಳೆಬ್ಬಿಸುತ್ತ ನಮ್ಮ ಗಾಡಿ! ಹಿಂದೆ ಹೊಸ ಸೀರೆಯ ಹೆಂಗಸರು, ಅವರ ತೊಡೆಯ ಮೇಲೆ ಕೂಸುಗಳು, ಎಲ್ಲರೂ ಸೋಬಾನೆ ಹಾಡುತ್ತಿದ್ದರು. ಕಾಕಿ ನಡುರಸ್ತೆಯಲ್ಲಿ ಕೈ ಚಾಚಿ ನಿಂತಳು. ಗಾಡಿ ನಿಂತಿತು. ಏನು, ಏಕೆ ಎಂದು ಕಾಕಾ ಕೇಳುವ ಮೊದಲೇ ಅವಳು ಪಿನ್ನು ಹಿಡಿದ ಮುಷ್ಟಿ ಬಿಚ್ಚಿದಳು. ಕಾಕಾ ಗಾಡಿಯ ಕೆಳಗೆ ತೂರಿದ. ಹೊರಗೆ ಬಂದು ನಮ್ಮ ಹತ್ತಿರಕ್ಕೆ ಸರಿದ. "ನಟ್ಟ ಬೆರಳಿಗೇ ತಿರಗಾಕತ್ತೈತಿ" ಎಂದ, ನಮಗೆ ಮಾತ್ರ ಕೇಳುವಂತೆ. ನಾಲ್ಕು ಜನರೆದುರು ಗಂಡನ ಮುಖ ನೋಡಿ ಮಾತಾಡಿದವಳಲ್ಲ ನಮ್ಮ ಕಾಕಿ. ಅವತ್ತು ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು. "ನನ್ನ ಗತಿ ಏನರಿ? ಈ ಕೂಸುಗೋಳ ಗತಿ ಏನಿತ್ತರಿ?" ಎನ್ನುತ್ತ ಹೋ ಎಂದು ಅತ್ತಳು. ಸೋಬಾನೆ ನಿಂತುಹೋಯಿತು.

ಅಲ್ಲಿಂದ ಮುಂದೆ ಕಾಕಿಯೇ ಗಾಡಿಯ ಕೆಳಗೆ ಹೋಗತೊಡಗಿದಳು. ಸೆರಗು ಕಟ್ಟಿಕೊಂಡು, ಗೋಣಿತಟ್ಟು ಹಾಸಿ, ಒಂದೊಂದು ನಟ್ಟಿಗೂ ಪಿನ್ನಿಗೂ ಕೈಯಿಟ್ಟು ನೋಡಿ, "ಆತು, ಹೊಂಡ್ರಿ" ಎಂದ ಮೇಲೆಯೇ ಕಾಕಾ ಚಾವಿ ತಿರುವಬೇಕು. ಓಣಿಯವರು ಆಡಿಕೊಂಡರು. ಕಾಕಾ ಮೊದಮೊದಲು ಸಿಡಿಮಿಡಿಗೊಂಡ, ಆಮೇಲೆ ಅದೇ ರೂಢಿಯಾಯಿತು. ಆದರೂ ಗಾಡಿ ಮರೆಯಾದೊಡನೆ ಕಾಕಿಯ ಮುಖದಲ್ಲಿ ಅದೇ ಹೆದರಿಕೆ. ಅದನ್ನು ನೋಡಿ ನೋಡಿ ನಾನೂ ಹೆದರುವುದನ್ನು ಕಲಿತೆ. ಇವತ್ತಿಗೂ ನನ್ನ ಮನೆಯವರು ಹೊರಗೆ ಹೋದರೆ, ತಿರುಗಿ ಬರುವ ತನಕ ಬಾಗಿಲ ಕಡೆಗೇ ನೋಡುತ್ತಿರುತ್ತೇನೆ.

ಕಾಕಾ ಹೋದದ್ದು ರಸ್ತೆಯಲ್ಲಲ್ಲ. ನನ್ನ ಮದುವೆಯಾದ ಕೆಲವು ವರ್ಷಕ್ಕೆ, ಒಂದು ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಅಡ್ಡಾದವನು ಏಳಲೇ ಇಲ್ಲ. ಹೆಣದ ಪಕ್ಕ ಕಾಕಿ ಅಳದೆ ಕೂತಿದ್ದಳು. ಇಷ್ಟು ವರ್ಷ ಕಾಯ್ದದ್ದು ಒಂದು ದಾರಿ, ಸಾವು ಬಂದದ್ದು ಇನ್ನೊಂದು ದಾರಿಯಲ್ಲಿ. ಆ ಮೋಸ ಅವಳಿಗೆ ಅರ್ಥವೇ ಆದಂತಿರಲಿಲ್ಲ.

ಗಾಡಿಯನ್ನು ಲಕ್ಷ್ಮೇಶ್ವರದ ಒಬ್ಬ ಪ್ರಾಯದ ಸಾಬರು ಕೊಂಡರು. ಒಯ್ಯಲು ಬಂದ ದಿನ ನಾನು ಅಲ್ಲೇ ಇದ್ದೆ. ಅವರು ಹತ್ತಿ ಕೂತಾಗ ಕಾಕಿ ಒಳಗಿನಿಂದ ಬಂದು, "ಸ್ವಲ್ಪ ತಡೀಪಾ" ಎಂದವಳೇ ಸೆರಗು ಕಟ್ಟಿ ಕೆಳಗೆ ಹೊಕ್ಕಳು. ಅವರು ಗಾಬರಿಯಾಗಿ ಕೆಳಗಿಳಿದರು. ನಾನು ಸುಮ್ಮನಿರಿ ಎಂದು ಕೈಸನ್ನೆ ಮಾಡಿದೆ. ಕಾಕಿ ತನ್ನ ಕೆಲಸ ಅವಸರವಿಲ್ಲದೆ ಮುಗಿಸಿ ಎದ್ದು ಬಂದಳು.

"ಮನ್ಯಾಗ ಯಾರ‍್ಯಾರ ಅದಾರಪಾ?"

"ಹೆಂಡ್ತಿ ಅದಾಳ್ರಿ, ಅಮ್ಮಾ. ಸಣ್ಣ ಹುಡುಗಿ ಅದಾಳ."

"ಎಲ್ಲಾ ಬಿಗಿ ಐತಿ. ಸಾವಕಾಶ ಹೋಗು. ಕಾಯತಿರತಾರ."

ಗಾಡಿ ಓಣಿಯ ತಿರುವು ದಾಟಿತು. ನಾನು ಅಭ್ಯಾಸಬಲದಿಂದ ಕಾಕಿಯ ಮುಖ ನೋಡಿದೆ. ಅಲ್ಲಿ ಆ ಹೆದರಿಕೆ ಇರಲಿಲ್ಲ. ಏನೂ ಇರಲಿಲ್ಲ. ಕೈಯ ಗ್ರೀಸನ್ನು ಸೀರೆಗೆ ಒರೆಸಿಕೊಂಡು ಹೊಸ್ತಿಲ ಮೇಲೆ ಕೂತು, ನನ್ನನ್ನೇ ಕೇಳಿದಳು:

"ಇನ್ನ ಯಾರ ಸಲುವಾಗಿ ಹೆದರ್ಲಿ, ಯವ್ವಾ?"